ಪ್ಲೇಟುಗಳನ್ನು ಗುಜರಿಗೆ ಹಾಕಬೇಡಿ!

ಕನ್ನಡದ ಹುಡುಗ ಹುಡುಗಿಯರೇ,

ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡಿಗೆ ಹೋಗುವ ಮೆಟ್ರೋದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು 'ನಾಗರಹಾವು' ಹಾಡು ಕೇಳುತ್ತಿದ್ದೀರಾ? ಸಂತೋಷ. ಕೇಳಿ. ಆದರೆ ನನ್ನದೊಂದು ಪ್ರಶ್ನೆಯಿದೆ. 1972ರ ಆ ಹಾಡಿನ ಮೂಲ ಟೇಪು ಇವತ್ತು ಯಾರ ಬೀರುವಿನಲ್ಲಿದೆ? ಚೆನ್ನಾಗಿದೆಯೋ, ಬೂಸ್ಟು ಹಿಡಿದಿದೆಯೋ? ಈ ಪ್ರಶ್ನೆಯನ್ನು ನೀವು ಯಾವತ್ತಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಒಂದು ಗುಜರಿ ಗಾಡಿ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ. ನಮ್ಮ ಕಡೆ ಮದುವೆ ಅಂದರೆ ಮೊದಲು ಬರುತ್ತಿದ್ದವನು ಪುರೋಹಿತನಲ್ಲ, ಮೈಕ್‌ಸೆಟ್ಟಿನವನು! ಹೊಂಗೆ ಮರಕ್ಕೆ ಹಾರನ್ ಕಟ್ಟಿ, ಟ್ರಂಕಿನಿಂದ ಒಂದೊಂದೇ ಪ್ಲೇಟು ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮುಳ್ಳು ಇಟ್ಟನೆಂದರೆ ಅರ್ಧ ಹೋಬಳಿಗೆ ಮದುವೆಯ ಸುದ್ದಿ ಮುಟ್ಟುತ್ತಿತ್ತು. ಆ ಮೈಕ್‌ಸೆಟ್ಟಿನ ಮಾವ ತೀರಿಕೊಂಡ ಮೇಲೆ ಅವನ ಟ್ರಂಕು ವರ್ಷಗಟ್ಟಲೆ ಅಟ್ಟದಲ್ಲಿತ್ತು. ಮನೆ ಕೆಡವುವಾಗ ಮನೆಯವರು ಅದನ್ನು ತುಕ್ಕು ಹಿಡಿದ ಕಬ್ಬಿಣ, ಹಳೇ ಪೇಪರಿನ ಜೊತೆ ಕೆಜಿ ಲೆಕ್ಕದಲ್ಲಿ ತೂಗಿಬಿಟ್ಟರು. ನಾನು ಹೋಗುವಷ್ಟರಲ್ಲಿ ಉಳಿದದ್ದು ನಾಲ್ಕು. ಅದರಲ್ಲಿ 'ಎಡಕಲ್ಲು ಗುಡ್ಡದ ಮೇಲೆ' ಸೀಳಿಹೋಗಿತ್ತು. ಅವರನ್ನು ಬೈಯಲೇ? ಅದರ ಬೆಲೆ ಏನೆಂದು ಅವರಿಗೆ ಹೇಳಿದವರು ಯಾರಿದ್ದರು?

ಇದೇ ರಾಜಘಟ್ಟದ ಮಣ್ಣನ್ನು 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಅಗೆದಾಗ ಬೌದ್ಧ ಚೈತ್ಯ, ವಿಹಾರದ ಅವಶೇಷ ಸಿಕ್ಕಿತು. ಅಂಗೈಯಗಲದ ಮಣ್ಣಿನ ಹರಕೆ ಸ್ತೂಪಗಳು ಸಿಕ್ಕವು. ಯಾರೋ ಹಸಿ ಮಣ್ಣಿಗೆ ಒತ್ತಿದ ಭಕ್ತಿ ಸಾವಿರಕ್ಕೂ ಹೆಚ್ಚು ವರ್ಷ ಉಳಿಯಿತು. ಅದೇ ಊರಿನಲ್ಲಿ ಐವತ್ತು ವರ್ಷದ ಹಾಡನ್ನು ನಾವು ಉಳಿಸಿಕೊಳ್ಳಲಾಗಲಿಲ್ಲ. ಇದು ನಾಚಿಕೆಗೇಡಲ್ಲವೇ?

ಆ ಪ್ಲೇಟುಗಳಲ್ಲಿ ಏನಿದೆ ಅಂತ ತಿಳಿದುಕೊಳ್ಳಿ. ಎಪ್ಪತ್ತರ ದಶಕದಲ್ಲಿ ನಮ್ಮ ಸಿನಿಮಾ ಹಾಡುಗಳ ಧ್ವನಿಮುದ್ರಣ ಬಹುಪಾಲು ನಡೆದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಇಂದಿನ ಹಾಗೆ ಒಬ್ಬೊಬ್ಬರೇ ಬಂದು ತುಂಡು ತುಂಡಾಗಿ ಹಾಡಿ, ತಪ್ಪಿದ್ದನ್ನು ಕಂಪ್ಯೂಟರಿನಲ್ಲಿ ತಿದ್ದುವ ಸೌಕರ್ಯ ಇರಲಿಲ್ಲ. ಪಿಟೀಲು, ಕೊಳಲು, ತಬಲ, ಗಿಟಾರು, ಗಾಯಕರು ಎಲ್ಲರೂ ಒಟ್ಟಿಗೆ ನಿಂತು ಹಾಡು ಮುಗಿಸುವುದೇ ರೂಢಿ. ಒಬ್ಬನ ಕಮಾನು ಜಾರಿದರೆ ಎಲ್ಲರೂ ಮತ್ತೆ ಮೊದಲಿನಿಂದ! ಯಾವ ವಾದ್ಯ ಮೈಕಿಗೆ ಹತ್ತಿರ, ಯಾವುದು ದೂರ ಎನ್ನುವುದರಲ್ಲೇ ಹಾಡಿನ ಅರ್ಧ ರೂಪ ತೀರ್ಮಾನವಾಗುತ್ತಿತ್ತು. ಟೇಪಿನಲ್ಲಿ ಏನಾದರೂ ಕತ್ತರಿಸಬೇಕಿದ್ದರೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕು. ಆಮೇಲೆ ಅದು ಅಚ್ಚಾಗಿ, ನಿಮಿಷಕ್ಕೆ 45 ಸುತ್ತು ತಿರುಗುವ ಏಳಿಂಚಿನ ಪ್ಲೇಟಾಗಿ, ಮೂರೋ ನಾಲ್ಕೋ ಹಾಡು ಹೊತ್ತು ನಮ್ಮ ಮೈಕ್‌ಸೆಟ್ಟಿನ ಮಾವನ ಟ್ರಂಕು ಸೇರುತ್ತಿತ್ತು.

ಆ ದಶಕದ ಹೆಸರುಗಳನ್ನು ನೋಡಿ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ', 'ಮಯೂರ'ದ ಜಿ.ಕೆ. ವೆಂಕಟೇಶ್. ಇಳಯರಾಜಾ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಇವರ ಬಳಿ ಸಹಾಯಕರಾಗಿದ್ದರು, ನೆನಪಿರಲಿ. 'ಗಂಧದ ಗುಡಿ', 'ಬಯಲು ದಾರಿ', 'ನಾ ನಿನ್ನ ಮರೆಯಲಾರೆ'ಯ ಮೈಸೂರಿನ ಸೋದರರು ರಾಜನ್-ನಾಗೇಂದ್ರ. 'ನಾಗರಹಾವು', 'ಶುಭಮಂಗಳ'ದ ವಿಜಯಭಾಸ್ಕರ್. 'ಎಡಕಲ್ಲು ಗುಡ್ಡದ ಮೇಲೆ'ಯ ಎಂ. ರಂಗರಾವ್. 1974ರ 'ಸಂಪತ್ತಿಗೆ ಸವಾಲ್' ನಂತರ ಅಣ್ಣಾವ್ರು ಗಾಯಕರಾಗಿಯೂ ಮನೆ ಮನೆ ಸೇರಿದರು. ಸಿನಿಮಾದ ಆಚೆಗೆ ಬಂದರೆ 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದು, ಪುಸ್ತಕದಲ್ಲಿದ್ದ ಕವಿತೆ ಅಡಿಗೆಮನೆಗೂ ಬಂತು. ಅದೇ ಸಾಲಿನ ರಾಷ್ಟ್ರಪ್ರಶಸ್ತಿಯನ್ನು 'ಕಾಡು ಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಗೆದ್ದರು.

"ಕನ್ನಡದ ಹಾಡು ಮದ್ರಾಸಿನಲ್ಲಿ ಹುಟ್ಟಿತಾ?" ಅಂತ ಕೆಲವು ಗೆಳೆಯರು ಮುಖ ಸಿಂಡರಿಸುತ್ತಾರೆ. ಸಿಂಡರಿಸಬೇಡಿ. ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಎಸ್. ಜಾನಕಿ ಗುಂಟೂರು ಸೀಮೆಯಲ್ಲಿ, ವಾಣಿ ಜಯರಾಂ ವೇಲೂರಿನಲ್ಲಿ. ಅವರ ಹಾಡು ಹಾಕಿ ಕೇಳಿ. ಲಕಾರ ಳಕಾರ ಬೆರೆತಿಲ್ಲ, ಹಕಾರ ಹಾರಿಹೋಗಿಲ್ಲ, ಒತ್ತಕ್ಷರ ಒತ್ತಿಯೇ ಬಂದಿದೆ. ಈಗ ನಮ್ಮ ಎಫ್‌ಎಂ ರೇಡಿಯೋದಲ್ಲಿ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರ ಕನ್ನಡ ಕೇಳಿ! ಭಾಷೆಯನ್ನು ಹುಟ್ಟಿನಿಂದಲ್ಲ, ಶ್ರದ್ಧೆಯಿಂದ ಪಡೆಯಬೇಕು ಅನ್ನುವುದಕ್ಕೆ ಆ ಪ್ಲೇಟುಗಳಿಗಿಂತ ದೊಡ್ಡ ಸಾಕ್ಷಿ ಬೇಕೇ? ಅವು ಬರೀ ಹಳೇ ಹಾಡಲ್ಲ, ಕನ್ನಡದ ಉಚ್ಚಾರಣೆಯ ದಾಖಲೆ.

"ಅಯ್ಯೋ, ಎಲ್ಲ ಯೂಟ್ಯೂಬಿನಲ್ಲಿ ಇದೆಯಲ್ಲ" ಅನ್ನುತ್ತೀರಿ. ಇದೆ, ನಿಜ. ಆದರೆ ಎಂಥದ್ದು ಇದೆ? ಎಷ್ಟೋ ಹಾಡುಗಳು ಯಾರೋ ಸವೆದ ಕ್ಯಾಸೆಟ್ಟಿನಿಂದ ಎತ್ತಿದ್ದು. ಇನ್ನು ಕೆಲವಕ್ಕೆ ಹೊಸ ಡ್ರಮ್ಮು ಬಡಿದು ಹಳೇ ತಬಲದ ಕತ್ತು ಹಿಸುಕಿದ್ದಾರೆ. ಪಿಟೀಲು ನುಡಿಸಿದವರ ಹೆಸರು ಪ್ಲೇಟಿನ ಮೇಲೂ ಇರಲಿಲ್ಲ, ಈಗಂತೂ ಎಷ್ಟೋ ಕಡೆ ಹಾಡು ಬರೆದ ಕವಿಯ ಹೆಸರೂ ಮಾಯ! ಹಕ್ಕಿನ ಒಪ್ಪಂದ ಬದಲಾದರೆ ನಾಳೆ ಬೆಳಿಗ್ಗೆ ಹಾಡೂ ಮಾಯ. ಬಾಡಿಗೆ ಮನೆಯನ್ನು ಸ್ವಂತ ಮನೆ ಅಂದುಕೊಳ್ಳಬೇಡಿ.

ಕಾನೂನನ್ನೂ ತಿಳಿದುಕೊಳ್ಳಿ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು, ಅದು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1972ರ ಪ್ಲೇಟಿನ ಹಕ್ಕು 2032ರ ಕೊನೆಯವರೆಗೆ, 1978ರದ್ದು 2038ರ ಕೊನೆಯವರೆಗೆ ಕಂಪನಿಯವರ ಕೈಯಲ್ಲಿ. ಇರಲಿ, ದುಡ್ಡು ಹಾಕಿದವರು ಅವರು. ಆದರೆ ಟೇಪು ಕಾನೂನಿಗೆ ಕಾಯುವುದಿಲ್ಲ. ಆ ಕಾಲದ ಎಷ್ಟೋ ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು, ಗಾಳಿಯ ತೇವ ಹೀರಿ ಸಡಿಲವಾಗುತ್ತದೆ. ಯಂತ್ರಕ್ಕೆ ಹಾಕಿದರೆ ಕಿರ್ ಅನ್ನುತ್ತದೆ, ಕಂದು ಪುಡಿ ಉದುರುತ್ತದೆ. ಉದುರುವುದು ಪುಡಿಯಲ್ಲ ಸ್ವಾಮಿ, ಹಾಡು! 2033ರಲ್ಲಿ ಹಕ್ಕು ನಮ್ಮ ಕೈಗೆ ಬರುತ್ತದೆ. ಆಗ ಹಾಡೇ ಇಲ್ಲದಿದ್ದರೆ ಹಕ್ಕನ್ನು ಇಟ್ಟುಕೊಂಡು ಏನು ಮಾಡೋಣ?

ದಾರಿ ಇದೆ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಒಂದು ಬಾಗಿಲು ತೆರೆದಿಟ್ಟಿದೆ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಈಗಾಗಲೇ ಇರುವ ಕೃತಿಯನ್ನು ಕಾಪಾಡಲು ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಬಹುದು. ಹಾಗಾದರೆ ಜಿಲ್ಲೆಗೊಂದು ಗ್ರಂಥಾಲಯದಲ್ಲಿ ಒಂದು ಒಳ್ಳೆಯ ಪ್ಲೇಯರು, ಒಂದು ಕಂಪ್ಯೂಟರು, ಕೆಲಸ ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ, ಇಷ್ಟು ಕೊಡಲು ಸರ್ಕಾರಕ್ಕೆ ಎಷ್ಟು ಖರ್ಚು? ಒಂದು ರಾಜ್ಯೋತ್ಸವದ ಪೆಂಡಾಲಿನ ಖರ್ಚು! ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನು ಇದನ್ನು ಕೇಳಿ. ಒಬ್ಬರಲ್ಲ, ನೂರು ಜನ ಸಹಿ ಹಾಕಿ ಕೇಳಿ.

ಅಲ್ಲಿಯವರೆಗೆ ನಿಮ್ಮ ಕೈಲಾಗುವ ಕೆಲಸ ಇದೆ. ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಬಿಸಿಲು ತಾಗಿಸಬೇಡಿ, ಸೊಟ್ಟಗಾಗುತ್ತವೆ. ಸವೆದ ಮುಳ್ಳು ಇಡಬೇಡಿ. ಕಿರ್ ಅನ್ನುವ ಟೇಪನ್ನು ಬಲವಂತವಾಗಿ ಓಡಿಸಬೇಡಿ, ತಿಳಿದವರಿಗೆ ತೋರಿಸಿ. ಲೇಬಲ್ಲಿನ ಎರಡೂ ಕಡೆಯ ಫೋಟೋ ತೆಗೆದು ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ: ಇದನ್ನು ಎಲ್ಲಿ ಕೊಂಡಿರಿ, ಯಾರ ಮದುವೆಯಲ್ಲಿ ಹಾಕಿದಿರಿ? ಅದನ್ನೂ ಬರೆದಿಡಿ. ನಕಲು ಮಾಡಿ ಮಾರಬೇಡಿ, ಆ ಕಳ್ಳ ದಂಧೆ ನಮಗೆ ಬೇಡ.

ನನ್ನ ಬಳಿ ಉಳಿದ ಮೂರು ಪ್ಲೇಟುಗಳಲ್ಲಿ ಒಂದು 'ಬಂಗಾರದ ಮನುಷ್ಯ'. ಗೀರು ಬಿದ್ದಿದೆ, ಟಕ್ ಟಕ್ ಅನ್ನುತ್ತದೆ. ಆದರೂ ಆ ಗೀರಿನ ನಡುವೆ ಹಾಡು ಶುರುವಾಗುವ ಮುಂಚೆ, ಕೇಳಿದರೂ ಕೇಳದಂತೆ, ಒಂದು ಕೋಣೆಯ ನಿಶ್ಶಬ್ದ ಇದೆ. ಕನ್ನಡ ಹಾಡಲು ಉಸಿರು ಬಿಗಿಹಿಡಿದು ನಿಂತ ಇಷ್ಟೊಂದು ಜನರ ನಿಶ್ಶಬ್ದ ಅದು. ಕೆಜಿಗೆ ಎಷ್ಟು ಹೇಳಿ, ತೂಗೋಣ?