ಸೈಲೆನ್ಸರ್ ಕಿತ್ತವರಿಗೆ ಘಟ್ಟವೇಕೆ?

ಮುಂಗಾರು ಕಾಲಿಟ್ಟಿತೆಂದರೆ ಶನಿವಾರ, ಭಾನುವಾರಗಳಂದು ನಮ್ಮ ಘಟ್ಟದ ರಸ್ತೆಗಳಿಗೆ ಹಳೆಯ ಮೋಟಾರ್ ಸೈಕಲ್ಲುಗಳ ದಂಡು ಬರುತ್ತದೆ. ಜಾವಾ, ಯೆಜ್ಡಿ, ಬುಲೆಟ್. ಕೆಲವು ಮೂಲರೂಪದಲ್ಲಿಯೇ ಇವೆ. ಹಲವನ್ನು ಕತ್ತರಿಸಿ, ಬೆಸೆದು, ಅಮೆರಿಕದ ಕ್ರೂಸರ್‌ಗಳಂತೆ ಮಾರ್ಪಡಿಸಲಾಗಿದೆ. ದೂರಪ್ರಯಾಣಕ್ಕೆ ಇವುಗಳನ್ನು ಮೀರಿಸುವ ವಾಹನವಿಲ್ಲವೆಂಬುದು ಸವಾರರ ನಂಬಿಕೆ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಪ್ರಶ್ನಿಸದೆ ವಿಧಿಯಿಲ್ಲ.

ಸತ್ಯದ ಪಾಲನ್ನು ಮೊದಲು ಒಪ್ಪಿಕೊಳ್ಳೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಎಷ್ಟೋ ವಾಹನಗಳು ಇಂದಿಗೂ ಓಡುತ್ತಿವೆ. ಕಾರಣ ಸರಳ: ಅವು ಬಿಚ್ಚಿ ಜೋಡಿಸಬಲ್ಲ ಯಂತ್ರಗಳು. ಕಾರ್ಬುರೇಟರನ್ನು ಸವಾರನೇ ಶುಚಿಗೊಳಿಸಬಲ್ಲ. ಎಂಜಿನ್ನನ್ನು ಊರಿನ ಮೆಕ್ಯಾನಿಕ್ ದುರಸ್ತಿ ಮಾಡಬಲ್ಲ. ಕೆಟ್ಟದ್ದನ್ನು ಎಸೆಯದೆ ಸರಿಪಡಿಸಿ ಬಳಸುವ ಬುದ್ಧಿಯನ್ನು ಪರಿಸರಪ್ರೇಮಿ ಮೆಚ್ಚಲೇಬೇಕು.

ಹಾಗೆಂದು ಹಳೆಯದೆಲ್ಲವೂ ಹಸಿರೆಂದು ಭ್ರಮಿಸುವುದು ಬೇಡ. ಜಾವಾದಂತಹ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಇಂಧನ ಒಳಬರುವಾಗ ಹೊಗೆಯ ದ್ವಾರವೂ ತೆರೆದಿರುತ್ತದೆ. ಇಂಧನದ ಒಂದಂಶ ಉರಿಯದೆಯೇ, ಎಣ್ಣೆಯೊಡನೆ ಹೊರಬೀಳುತ್ತದೆ. ತಯಾರಕರು ಅಳೆದು ರೂಪಿಸಿದ ಸೈಲೆನ್ಸರನ್ನು ಕೊರೆದರೆ ಸದ್ದಿನ ಜೊತೆಗೆ ಈ ಸೋರಿಕೆಯೂ ಹೆಚ್ಚಬಹುದು. ಗತ್ತಿಗೆಂದು ಮಾಡಿದ್ದು ಯಂತ್ರಕ್ಕೇ ದ್ರೋಹವಾಗುತ್ತದೆ.

ಇನ್ನು ಕ್ರೂಸರ್ ಮೋಹ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ತರುಣರು ಮೋಟಾರ್ ಸೈಕಲ್ಲುಗಳ ಭಾಗಗಳನ್ನು ಕತ್ತರಿಸಿ ಹಗುರಗೊಳಿಸಿದರು. ಕ್ರಮೇಣ ಅದರಿಂದ 'ಚಾಪರ್' ರೂಪುಗೊಂಡಿತು. ಮುಂಚಕ್ರವನ್ನು ಉದ್ದಕ್ಕೆ ಚಾಚಿದ ಆ ವಿನ್ಯಾಸ ನೇರ ಹೆದ್ದಾರಿಯಲ್ಲಿ ಸ್ಥಿರವಾಗಿರುತ್ತದೆ. ನಿಧಾನಗತಿಯ ಕಡುತಿರುವಿನಲ್ಲಿ ಮಾತು ಕೇಳುವುದಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಅದಕ್ಕೇನು ಕೆಲಸ? ಬಯಲುಸೀಮೆಯ ತಳಿಯನ್ನು ಮಲೆನಾಡಿನ ಗದ್ದೆಯಲ್ಲಿ ಬಿತ್ತಿ ಕೈಸುಟ್ಟುಕೊಂಡ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ನೆಲಕ್ಕೆ ಒಗ್ಗದ್ದು ಎಷ್ಟು ಪ್ರಸಿದ್ಧವಾದರೂ ಶ್ರೇಷ್ಠವಲ್ಲ.

ಕಾನೂನೂ ಸ್ಪಷ್ಟವಾಗಿದೆ. ನೋಂದಣಿಯ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ಅವಕಾಶ ಕೊಡುವುದಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಆದರೆ ಸಿಡಿಲಿನಂತೆ ಅಬ್ಬರಿಸುವ ವಾಹನಗಳು ತನಿಖಾ ಠಾಣೆಗಳನ್ನು ನಿರಾತಂಕವಾಗಿ ದಾಟುತ್ತಿವೆ. ತಪಾಸಣೆ ಸೌದೆ ಹೊತ್ತ ಬಡವರಿಗೆ ಮಾತ್ರವೆ?

ಇದು ಕಿವಿಯ ಕಿರಿಕಿರಿಯಷ್ಟೇ ಅಲ್ಲ. ಮುಂಗಾರು ಕಪ್ಪೆಗಳ ಸಂತಾನಕಾಲ. ಗಂಡುಕಪ್ಪೆ ಕೂಗಿ ಹೆಣ್ಣನ್ನು ಕರೆಯುತ್ತದೆ. ಆ ಕೂಗು ಅಬ್ಬರದಲ್ಲಿ ಮುಳುಗಿದರೆ ಜೊತೆಯಾಗುವುದೇ ಕಷ್ಟ. ಗದ್ದೆಯ ಕೀಟಗಳನ್ನು ಕೂಲಿಯಿಲ್ಲದೆ ಹಿಡಿಯುವ ಜೀವಿ ಅದು. ಕಪ್ಪೆ ಕಡಿಮೆಯಾದರೆ ಕೀಟನಾಶಕದ ಖರ್ಚು ರೈತನ ಹೆಗಲಿಗೆ ಬೀಳುತ್ತದೆ, ಸವಾರನ ಹೆಗಲಿಗಲ್ಲ.

ವನ್ಯಜೀವಿಗಳಿಗಾಗಿ ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರವನ್ನೇ ನಿಷೇಧಿಸಲಾಯಿತು. ನಾವು ಕೇಳುತ್ತಿರುವುದು ಅದಕ್ಕಿಂತ ಬಹಳ ಸಣ್ಣದು: ಘಟ್ಟದ ಬುಡದಲ್ಲಿ ಸೈಲೆನ್ಸರ್ ತಪಾಸಣೆಯಾಗಲಿ, ಕೊರೆದದ್ದನ್ನು ಅಲ್ಲಿಂದಲೇ ಹಿಂದೆ ಕಳಿಸಲಿ. ಪ್ರತಿಯೊಂದು ಗ್ರಾಮಸಭೆಯೂ ಹೀಗೆಂದು ನಿರ್ಣಯ ಮಾಡಿ ಜಿಲ್ಲಾಧಿಕಾರಿಗಳಿಗೆ ಕಳಿಸಬೇಕು.

ವಿದ್ಯಾರ್ಥಿ ಮಿತ್ರರೆ, ನಾಳೆ ನೀವೂ ಅಜ್ಜನ ಯೆಜ್ಡಿಯನ್ನು ಕೊಟ್ಟಿಗೆಯಿಂದ ಹೊರತೆಗೆಯುವಿರಿ. ಧಾರಾಳವಾಗಿ ತೆಗೆಯಿರಿ, ರಿಪೇರಿ ಕಲಿಯಿರಿ, ದೂರದ ಊರು ನೋಡಿ ಬನ್ನಿ. ಹಳೆಯ ಬಂಡಿಯ ನಿಜವಾದ ಸೊಗಸು ಅದರ ನಿಧಾನದಲ್ಲಿದೆ. ತಿರುವಿನಲ್ಲಿ ಎಂಜಿನ್ ನಿಲ್ಲಿಸಿದಾಗ ಕಾಡಿನ ದನಿ ಕೇಳದಿದ್ದರೆ ಅಷ್ಟು ದೂರ ಹೋದದ್ದೇಕೆ?