ಮೂಗು ಮುರಿಯುವ ಮುನ್ನ

ಕಂತುಕಂತಾಗಿ ಬೆಳೆಯುವ ಅದ್ಭುತಕಥೆಗಳಿಗೆ ಮನಸೋತ ತರುಣರನ್ನು ಕಂಡರೆ ನಮ್ಮ ಹಿರಿಯರು, ‘ಇದು ಪರದೇಶದ ಹುಚ್ಚು’ ಎಂದು ಮೂಗು ಮುರಿಯುತ್ತಾರೆ. ಅವರು ಒಮ್ಮೆ ವಾಡಿಯಲ್ಲಿ ರೈಲು ಹತ್ತಿ, ಚಿತ್ತಾಪುರ ದಾಟಿ, ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯನ್ನು ನೋಡಿಬರಲಿ. 9ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ‘ಮಹಾಪುರಾಣ’ಕ್ಕೆ ಕೈಹಾಕಿದರು. ಸ್ವರ್ಗ, ಭೂಮಿ, ಜನ್ಮಾಂತರಗಳಲ್ಲಿ ಹರಿಯುವ ಕಥೆ! ಮುಗಿಯುವ ಮೊದಲೇ ಅವರು ತೀರಿಕೊಂಡರು; ಶಿಷ್ಯ ಗುಣಭದ್ರರು ಪೂರೈಸಿದರು. 2007ರಲ್ಲಿ ತೀರಿಕೊಂಡ ರಾಬರ್ಟ್ ಜೋರ್ಡನ್ನರ ‘ವ್ಹೀಲ್ ಆಫ್ ಟೈಮ್’ ಮಾಲೆಯನ್ನು ಬ್ರಾಂಡನ್ ಸ್ಯಾಂಡರ್ಸನ್ 2013ರಲ್ಲಿ ಮುಗಿಸಿದ್ದೂ ಹೀಗೆಯೇ. ಜಿನಸೇನರ ಕಥೆಯನ್ನು ಓದಿದವನೊಬ್ಬ 941ರಲ್ಲಿ ಅದನ್ನು ಕನ್ನಡಕ್ಕೆ ತಂದ. ಅವನೇ ಪಂಪ! ಮನಸೋಲದೆ ಅಂಥ ಕೆಲಸ ಆದೀತೆ? ಹುಡುಗರ ಕೈಯಿಂದ ಪುಸ್ತಕ ಕಸಿಯಬೇಡಿರಿ. ಮುಂದಿನ ಸಂಪುಟವನ್ನು ಕನ್ನಡದಲ್ಲಿ ಕೊಡಿರಿ.