ವೀರಪ್ಪನ್ ಆಗೋಕೆ ಎಲ್ಲರೂ ರೆಡಿ!

ಮಕ್ಕಳೇ, ಕಳೆದ ಭಾನುವಾರ ನಮ್ಮ ವಿಮಾನಪುರದ ಮನೆಯಲ್ಲಿ ಮೊಮ್ಮಗನ ಜೊತೆ ಕೂತು ಟಿವಿಯಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ನೋಡಿದೆ. ರಾಮ್ ಗೋಪಾಲ್ ವರ್ಮಾ ನಿರ್ದೇಶಿಸಿದ ಈ ಸಿನಿಮಾ ಬಂದದ್ದು 2016ರ ಜನವರಿ 1ರಂದು. ಕಾಡುಗಳ್ಳನ ಬೆನ್ನು ಹತ್ತುವ ಪೊಲೀಸ್ ಅಧಿಕಾರಿಯಾಗಿ ಶಿವರಾಜ್‌ಕುಮಾರ್ ನಟಿಸಿದ್ದಾರೆ. ಗುಂಡಿನ ಸದ್ದು ಜೋರಾದಾಗಲೆಲ್ಲ ನಾನು ಅವನ ಕಣ್ಣು ಮುಚ್ಚುತ್ತಿದ್ದೆ. ಅವನು ಬೆರಳ ಸಂದಿಯಲ್ಲಿ ನೋಡುತ್ತಲೇ ಇದ್ದ!

ಸಿನಿಮಾ ಮುಗಿದ ಮೇಲೆ ಅವನಿಗೊಂದು ಗುಟ್ಟು ಹೇಳಿದೆ. “ಇದೇ ಶಿವಣ್ಣನ ಅಪ್ಪ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ನಿಜವಾಗಿಯೂ ಹೊತ್ತೊಯ್ದಿದ್ದ ಕಣೋ.” ಅದು ನಡೆದದ್ದು 2000ದ ಜುಲೈ 30ರ ರಾತ್ರಿ, ಗಾಜನೂರಿನಲ್ಲಿ. ಆಗ ಇವನ ಅಮ್ಮ ಏಳನೇ ಕ್ಲಾಸು. ಗಣೇಶನ ಹಬ್ಬ ಬಂತು, ದಸರಾ ಬಂತು, ದೀಪಾವಳಿಯೂ ಬಂತು. ಅಣ್ಣಾವ್ರು ಮಾತ್ರ ಬರಲಿಲ್ಲ. 108 ದಿನಗಳ ನಂತರ, ನವೆಂಬರ್ 15ರಂದು ಬಿಡುಗಡೆಯಾದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು.

ಮಾರನೆಯ ದಿನ ಸಂಜೆ ಹುಡುಗರೆಲ್ಲ ಕಳ್ಳ-ಪೊಲೀಸ್ ಆಟ ಶುರು ಮಾಡಿದರು. ಸ್ವಲ್ಪ ಹೊತ್ತಿಗೇ ಜಗಳ. ಎಲ್ಲರಿಗೂ ವೀರಪ್ಪನ್ನೇ ಆಗಬೇಕಂತೆ! “ಯಾಕ್ರೋ?” ಎಂದೆ. “ಅವನು ಯಾರಿಗೂ ಸಿಗಲ್ಲ ತಾತ” ಎಂದರು.

“ಸಿಕ್ಕಿದ್ದ” ಎಂದೆ. ಆಟ ನಿಂತಿತು. ಹೊಂಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ.

ಆನೆ ದಂತ, ಶ್ರೀಗಂಧ ಕದಿಯುತ್ತಿದ್ದ ವೀರಪ್ಪನ್ 1986ರಲ್ಲೇ ಸೆರೆ ಸಿಕ್ಕಿದ್ದ. ಬೂದಿಪಡಗದ ಅರಣ್ಯ ವಸತಿಗೃಹದಲ್ಲಿ ಇಟ್ಟಿದ್ದಾಗ ತಪ್ಪಿಸಿಕೊಂಡುಬಿಟ್ಟ. ಅಷ್ಟೇ! ಅವನು ಮತ್ತೆ ಸಿಗಲಿಲ್ಲ. ಅವನ ಬೇಟೆ ಮುಗಿದದ್ದು 2004ರ ಅಕ್ಟೋಬರ್ 18ರಂದು, ತಮಿಳುನಾಡಿನ ಪಾಪ್ಪಾರಪಟ್ಟಿ ಹತ್ತಿರ. ಕಣ್ಣಿನ ಚಿಕಿತ್ಸೆಗೆಂದು ಅವನು ಹತ್ತಿದ ಆಂಬುಲೆನ್ಸ್ ಪೊಲೀಸರದ್ದೇ ಆಗಿತ್ತು. ಸಿನಿಮಾದಲ್ಲಿ ಎರಡು ಗಂಟೆಯ ಓಟ. ನಿಜದಲ್ಲಿ 18 ವರ್ಷ. ಅಷ್ಟರಲ್ಲಿ ಎಷ್ಟೋ ಪೊಲೀಸರು, ಅರಣ್ಯ ಸಿಬ್ಬಂದಿ, ಹಳ್ಳಿಯ ಜನ ಪ್ರಾಣ ಕಳೆದುಕೊಂಡರು.

ಅವರಲ್ಲೊಬ್ಬರು ಪಿ. ಶ್ರೀನಿವಾಸ್, ಅರಣ್ಯ ಅಧಿಕಾರಿ. ಅವರು ವೀರಪ್ಪನ್ನನ ಊರಾದ ಗೋಪಿನಾಥಂಗೇ ಹೋಗಿ ನೆಲೆಸಿದರು. ಜನರಿಗೆ ಔಷಧಿ ಸಿಗುವಂತೆ ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಹಳ್ಳಿಯವರ ಮನಸ್ಸು ಗೆದ್ದರೆ ಕಳ್ಳನಿಗೆ ಆಸರೆ ಸಿಗದು ಎಂದು ಅವರ ನಂಬಿಕೆ. ಕೊನೆಗೊಂದು ದಿನ ವೀರಪ್ಪನ್ ಶರಣಾಗುತ್ತಾನೆ ಎಂಬ ಸುದ್ದಿ ಬಂತು. ಶ್ರೀನಿವಾಸ್ ಬಂದೂಕಿಲ್ಲದೆ ಕಾಡಿಗೆ ಹೊರಟರು. ಅದು ಮೋಸವಾಗಿತ್ತು. 1991ರ ನವೆಂಬರ್ 10ರಂದು ಅವರನ್ನು ಕೊಂದುಬಿಟ್ಟರು. ಮರುವರ್ಷ ಸರ್ಕಾರ ಅವರಿಗೆ ಕೀರ್ತಿ ಚಕ್ರ ಕೊಟ್ಟಿತು.

ಹುಡುಗರು ಸುಮ್ಮನೆ ಕೂತಿದ್ದರು. ಒಂದು ವಿಮಾನ ತಲೆಯ ಮೇಲೆ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಮೊಮ್ಮಗ ಕೇಳಿದ:

“ಬಂದೂಕಿಲ್ಲದೆ ಹೋಗಿದ್ದು ದಡ್ಡತನ ಅಲ್ವಾ ತಾತ?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೂವು ಬಿಡಿಸುತ್ತಿದ್ದ ಇವಳೇ ಹೇಳಿದಳು: “ಮೋಸ ಮಾಡಿದವನನ್ನು ಬಿಟ್ಟು, ನಂಬಿದವರನ್ನು ದಡ್ಡ ಅಂತೀಯಲ್ಲೋ! ಗೋಪಿನಾಥಂ ಜನ ಇವತ್ತಿಗೂ ಅವರನ್ನು ನೆನೆಸಿಕೊಳ್ತಾರೆ. ದಡ್ಡರನ್ನು ಯಾರಾದರೂ ಹಾಗೆ ನೆನೆಸಿಕೊಳ್ತಾರಾ?”

ಅವನು ತಲೆ ಕೆರೆದುಕೊಂಡ. ಆಟ ಮತ್ತೆ ಶುರುವಾಯಿತು. ಈ ಸಲವೂ ವೀರಪ್ಪನ್ ಆಗೋಕೆ ಇಬ್ಬರು ರೆಡಿ ಇದ್ದರು. ನಮ್ಮ ಹುಡುಗ ಮಾತ್ರ ಕೈಲಿದ್ದ ಮರದ ಸ್ಕೇಲು, ಅದೇ ಅವನ ಬಂದೂಕು, ನನ್ನ ಕೈಗೆ ಕೊಟ್ಟ. “ಇಟ್ಕೊಂಡಿರಿ ತಾತ, ನಾನು ಶ್ರೀನಿವಾಸ್” ಎಂದು ಓಡಿದ.

ನಿಮ್ಮ ಆಟದಲ್ಲಿ ನೀವು ಯಾರಾಗುತ್ತೀರಿ, ಮಕ್ಕಳೇ?